ಚಿಕ್ಕ ಮಕ್ಕಳ ಕೈಗೆ ಹಳೇ ಕಂಪ್ಯೂಟರ್: ಮೊದಲ ಬಣ್ಣದಿಂದ ಮೊದಲ ಆಟದವರೆಗೆ

ಕಮೊಡೋರ್ 64 ಅನ್ನೋ ಕಂಪ್ಯೂಟರ್ 1982ರದು. ಅದನ್ನು ಆನ್ ಮಾಡಿದರೆ ಒಂದು ನೀಲಿ ಪರದೆ ಬರುತ್ತದೆ. ಮೇಲೆ ಯಂತ್ರದ ಹೆಸರು, 38911 ಬೈಟ್ ಖಾಲಿ ಇದೆ ಅನ್ನೋ ಲೆಕ್ಕ, ಅದರ ಕೆಳಗೆ 'ರೆಡಿ' ಅನ್ನೋ ಪದ, ಅದರಡಿ ಮಿಣುಕುವ ಒಂದು ಚೌಕ. ಅಷ್ಟೇ. ಐಕಾನ್ ಇಲ್ಲ, ಮೆನು ಇಲ್ಲ, 'ಇದನ್ನೂ ನೋಡಿ' ಅಂತ ಕರೆಯುವವರು ಯಾರೂ ಇಲ್ಲ. ನೀವು ಏನಾದರೂ ಹೇಳುವವರೆಗೂ ಅದು ಸುಮ್ನೆ ಕೂತಿರುತ್ತದೆ.

ಮಕ್ಕಳಿಗೆ ಹಳೇ ಕಂಪ್ಯೂಟರ್ ತೋರಿಸಬೇಕು ಅನ್ನೋದಕ್ಕೆ ನನಗಿರುವ ದೊಡ್ಡ ಕಾರಣ ಇದೇ. ಈಗಿನ ಟ್ಯಾಬ್, ಫೋನು ಮಗುವಿಗಾಗಿ ಕಾಯುವುದಿಲ್ಲ. ಅವೇ ಮುಂದಿನ ವಿಡಿಯೊ ಶುರು ಮಾಡಿಬಿಡುತ್ತವೆ. ಹಳೇ ಯಂತ್ರದಲ್ಲಿ ಮೊದಲ ಮಾತು ಮಗುವಿನದು. ಆರು ವರ್ಷದ ಮಗು ಒಂದು ಸಾಲು ಟೈಪ್ ಮಾಡಿ ಪರದೆಯ ಬಣ್ಣ ಬದಲಾಯಿಸಿದರೆ, ಅದನ್ನು ಮಾಡಿದ್ದು ತಾನೇ ಅಂತ ಅದಕ್ಕೆ ಅನುಮಾನವೇ ಇರುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ನಿಮ್ಮ ಬಾಲ್ಯದ ನೆನಪಿನ ಪ್ರವಾಸ ಆಗಬಾರದು. 'ನಾವು ಚಿಕ್ಕವರಿದ್ದಾಗ' ಅಂತ ಶುರು ಮಾಡಿದರೆ ಮಗು ಐದು ನಿಮಿಷಕ್ಕೆ ಎದ್ದು ಹೋಗುತ್ತದೆ. ಹೋಗಬೇಕಾದ್ದೇ.

ಆರರಿಂದ ಒಂಬತ್ತು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಗುರುತಿಸಲು ಬಂದರೆ ಸಾಕು. ಐದು ವರ್ಷದವರಿಗೂ ಬಣ್ಣದ ಭಾಗ ಆಗುತ್ತದೆ, ಪ್ರೋಗ್ರಾಂ ಸ್ವಲ್ಪ ಕಾಯಬಹುದು. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು, ಆ ಯಂತ್ರಕ್ಕೆ ಗೊತ್ತಿರುವುದು ಅಷ್ಟೇ.

ಮೊದಲು ಯಂತ್ರ ಯಾವುದು ಅಂತ ತೀರ್ಮಾನಿಸಿ

ನಿಜವಾದ ಹಳೇ ಕಂಪ್ಯೂಟರ್ ಹುಡುಕುತ್ತಾ ಕೂರಬೇಡಿ. ಎಮ್ಯುಲೇಟರ್‌ನಿಂದ ಶುರು ಮಾಡಿ. ಹಳೇ ಯಂತ್ರದಂತೆಯೇ ನಡೆದುಕೊಳ್ಳುವ ಸಾಫ್ಟ್‌ವೇರ್ ಅದು. ಈಗಿನ ಯಾವ ಲ್ಯಾಪ್‌ಟಾಪ್‌ನಲ್ಲಾದರೂ ಓಡುತ್ತದೆ. ಕಮೊಡೋರ್‌ಗೆ ವೈಸ್, ಸಿಂಕ್ಲೇರ್ ಸ್ಪೆಕ್ಟ್ರಂಗೆ ಫ್ಯೂಸ್, ಬಿಬಿಸಿ ಮೈಕ್ರೋಗೆ ಬ್ರೌಸರ್‌ನಲ್ಲೇ ಓಡುವ ಜೆಎಸ್‌ಬೀಬ್. ಮೂರೂ ಪುಕ್ಕಟೆ.

ಮೂರರಲ್ಲಿ ಯಾವುದು? ಈ ಯಂತ್ರಗಳಿಗೆ ಆದೇಶ ಬರೆಯುವ ಭಾಷೆ ಬೇಸಿಕ್. 1981ರ ಬಿಬಿಸಿ ಮೈಕ್ರೋದ ಬೇಸಿಕ್ ಮೂರರಲ್ಲೂ ಚೆನ್ನ, ಅದರಲ್ಲಿ ಎರಡು ಮಾತಿಲ್ಲ. 1982ರ ಸ್ಪೆಕ್ಟ್ರಂನಲ್ಲಿ ಬಣ್ಣ, ಶಬ್ದ ಎರಡೂ ಒಂದೇ ಪದದಲ್ಲಿ ಮುಗಿಯುತ್ತವೆ. ಆದರೆ 48ಕೆ ಮಾದರಿಯಲ್ಲಿ ಒಂದು ಕೀ ಒತ್ತಿದರೆ ಇಡೀ ಪದ ಬಂದುಬಿಡುತ್ತದೆ. 'ಪಿ' ಒತ್ತಿದರೆ 'ಪ್ರಿಂಟ್' ಅಂತ ಬರುತ್ತದೆ. ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ಮಗುವಿಗೆ ಇದು ಗೊಂದಲ. ಕಮೊಡೋರ್ 64ರಲ್ಲಿ ಪದವನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಬೇಕು, ಜೊತೆಗೆ ಕೀಬೋರ್ಡಿನಲ್ಲೇ ಪುಟ್ಟ ಚಿತ್ರಗಳಿವೆ. ಅದಕ್ಕೇ ನನ್ನ ಮತ ಕಮೊಡೋರ್‌ಗೆ. ಬಣ್ಣ ಹಾಕಲು ಐದಂಕಿಯ ಸಂಖ್ಯೆ ಟೈಪ್ ಮಾಡಬೇಕು ನಿಜ. ವಿಚಿತ್ರ ಏನೆಂದರೆ ಮಕ್ಕಳಿಗೆ ಅದು ರಹಸ್ಯ ಸಂಕೇತದ ಹಾಗೆ ಕಾಣುತ್ತದೆ, ಬೇಜಾರಾಗುವುದು ದೊಡ್ಡವರಿಗೆ ಮಾತ್ರ.

ಅಟ್ಟದ ಮೇಲೆ ನಿಜವಾದ ಹಳೇ ಯಂತ್ರವೇ ಇದೆ ಅನ್ನುವವರಿಗೆ ಎಚ್ಚರಿಕೆಯ ಮಾತು. ನೇರವಾಗಿ ಪ್ಲಗ್ ಹಾಕಬೇಡಿ. ಕಮೊಡೋರ್ 64ರ ಹಳೇ ಪವರ್ ಸಪ್ಲೈ ಕೆಟ್ಟಾಗ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಬಿಟ್ಟು ಒಳಗಿನ ಮೆಮೊರಿ ಚಿಪ್‌ಗಳನ್ನೇ ಸುಟ್ಟುಬಿಡಬಹುದು. ಹೊಸದಾಗಿ ಮಾಡಿದ ಪವರ್ ಸಪ್ಲೈ ಬಳಸಿ. ಬಿಬಿಸಿ ಮೈಕ್ರೋ ಆದರೆ ಪವರ್ ಸಪ್ಲೈಯಲ್ಲಿರುವ ಹಳೇ ಕೆಪಾಸಿಟರ್‌ಗಳು ಹೊಗೆ ಎಬ್ಬಿಸುವುದು ತೀರಾ ಸಾಮಾನ್ಯ. ಗೊತ್ತಿರುವವರಿಂದ ಮೊದಲೇ ಬದಲಾಯಿಸಿ. ಹಳೇ ಡಬ್ಬಾ ಟಿವಿ, ಮಾನಿಟರ್‌ಗಳ ಹಿಂಬದಿ ಯಾವತ್ತೂ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯದ ವೋಲ್ಟೇಜ್ ಉಳಿದಿರುತ್ತದೆ.

ಮಗು ಕೂರುವ ಮುಂಚೆ

ಎಮ್ಯುಲೇಟರ್ ಕಿಟಕಿಯನ್ನು ಇಡೀ ಪರದೆಗೆ ಹಿಗ್ಗಿಸಿ. ಮೌಸ್ ತೆಗೆದು ದೂರ ಇಡಿ, ಬೇರೆ ಪ್ರೋಗ್ರಾಂಗಳನ್ನು ಮುಚ್ಚಿ. ಸೆಟ್ಟಿಂಗ್‌ನಲ್ಲಿ ಕೀಬೋರ್ಡ್ ಜೋಡಣೆ ಎರಡು ಬಗೆಯಲ್ಲಿ ಸಿಗುತ್ತದೆ: ಹಳೇ ಯಂತ್ರದಲ್ಲಿ ಕೀ ಎಲ್ಲಿತ್ತೋ ಅಲ್ಲೇ ಬರುವಂತೆ ಒಂದು, ನಿಮ್ಮ ಕೀಬೋರ್ಡಿನ ಮೇಲೆ ಅಚ್ಚಾಗಿರುವ ಗುರುತೇ ಬರುವಂತೆ ಇನ್ನೊಂದು. ಎರಡನೆಯದನ್ನೇ ಆರಿಸಿ. ಇಲ್ಲದಿದ್ದರೆ ಉದ್ಧರಣ ಚಿಹ್ನೆ ಹುಡುಕುವುದರಲ್ಲೇ ಮೊದಲ ದಿನ ಮುಗಿದುಹೋಗುತ್ತದೆ.

ಎಂಟರ್ ಕೀ ಎಲ್ಲಿದೆ ಅಂತ ಒಂದು ಬಣ್ಣದ ಸ್ಟಿಕ್ಕರ್ ಅಂಟಿಸಿ. ಎಸ್ಕೇಪ್ ಕೀಗೆ ಇನ್ನೊಂದು ಬಣ್ಣ. ವೈಸ್‌ನಲ್ಲಿ ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸುವುದು ಅದೇ ಕೀ. ಪಕ್ಕದಲ್ಲಿ ಒಂದು ಚೌಕುಳಿ ನೋಟ್‌ಬುಕ್ಕು, ಪೆನ್ಸಿಲ್ ಇಡಿ. ಇದು ಅಲಂಕಾರಕ್ಕಲ್ಲ, ಮುಂದೆ ನಿಜವಾಗಿ ಬೇಕಾಗುತ್ತದೆ.

ಒಂದೇ ಒಂದು ನಿಯಮ ನಿಮಗೆ: ಕೀಬೋರ್ಡ್ ಮುಟ್ಟಬೇಡಿ. ಮಗು ಅಕ್ಷರ ಹುಡುಕಲು ಅರ್ಧ ನಿಮಿಷ ತೆಗೆದುಕೊಂಡರೂ ಸರಿ, ಕೈ ಕಟ್ಟಿ ಕೂತಿರಿ. ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ. ಬೆರಳು ತೋರಿಸುವುದು ಬೇಕಾದರೆ ಪರದೆಯ ಮೇಲೆ ತೋರಿಸಿ, ಕೀ ಮೇಲೆ ಬೇಡ. ಇಪ್ಪತ್ತು ನಿಮಿಷ ಸಾಕು ಒಂದು ಸಲಕ್ಕೆ. ಮಗು 'ಇನ್ನೂ ಸ್ವಲ್ಪ' ಅನ್ನುವಾಗಲೇ ನಿಲ್ಲಿಸಿದರೆ ಮಾರನೇ ದಿನ ನೀವು ಕರೆಯಬೇಕಾಗುವುದಿಲ್ಲ.

ಮೊದಲ ದಿನ: ತಪ್ಪು ಮತ್ತು ಬಣ್ಣ

ಮೊದಲು ಬೇಕಾದ್ದನ್ನು ಒತ್ತಲು ಬಿಡಿ. ಶಿಫ್ಟ್ ಹಿಡಿದು ಎಸ್ ಒತ್ತಿದರೆ ಹೃದಯದ ಚಿತ್ರ ಬರುತ್ತದೆ. ಶಿಫ್ಟ್ ಜೊತೆ ಕ್ಯೂ ಒತ್ತಿದರೆ ತುಂಬಿದ ಚೆಂಡು. ಉಳಿದ ಅಕ್ಷರಗಳ ಹಿಂದೆ ಏನೇನಿದೆ ಅಂತ ಮಗುವೇ ಹುಡುಕಲಿ. ಎಷ್ಟೋ ಮಕ್ಕಳು ಮೊದಲ ದಿನವೆಲ್ಲ ಇದರಲ್ಲೇ ಮನೆ, ರೈಲು, ಬೇಲಿ ಬಿಡಿಸುತ್ತಾ ಕಳೆಯುತ್ತಾರೆ. ಬಿಡಿಸಲಿ.

ಯಾವುದೋ ಹೊತ್ತಿನಲ್ಲಿ ಎಂಟರ್ ಒತ್ತೇ ಒತ್ತುತ್ತಾರೆ. ಆಗ ಯಂತ್ರ 'ಸಿಂಟ್ಯಾಕ್ಸ್ ಎರರ್' ಅನ್ನುತ್ತದೆ. ಈ ಕ್ಷಣ ಮುಖ್ಯ. ಅದು ಬೈಗುಳ ಅಲ್ಲ ಅಂತ ಈಗಲೇ ಹೇಳಿ. 'ನನಗೆ ಅರ್ಥ ಆಗಲಿಲ್ಲ, ಇನ್ನೊಂದ್ಸಲ ಹೇಳು' ಅಂತ ಅದರ ಅರ್ಥ. ಬೇಕೆಂತಲೇ ಹತ್ತು ಸಲ ಆ ಸಂದೇಶ ಬರಿಸಿ ಆಟ ಆಡಿ. ತಪ್ಪಿನ ಭಯ ಮೊದಲ ದಿನವೇ ಹೋದರೆ ಮುಂದಿನದೆಲ್ಲ ಸಲೀಸು. ಟೈಪ್ ಮಾಡಿದ್ದರಿಂದ ಏನೂ ಕೆಡುವುದಿಲ್ಲ ಅಂತಲೂ ಹೇಳಿ. (ಪೆಟ್ ಅನ್ನೋ ಇನ್ನೊಂದು ಹಳೇ ಕಮೊಡೋರ್ ಯಂತ್ರದ ಕೆಲವು ಮಾದರಿಗಳಲ್ಲಿ ಒಂದು ನಿರ್ದಿಷ್ಟ ಪೋಕ್, ಅಂದರೆ ಮೆಮೊರಿಯ ಒಂದು ಜಾಗಕ್ಕೆ ಸಂಖ್ಯೆ ಹಾಕುವ ಆದೇಶ, ಪರದೆಗೇ ಹಾನಿ ಮಾಡಬಲ್ಲದಾಗಿತ್ತು. ಎಮ್ಯುಲೇಟರ್‌ನಲ್ಲಿ ಆ ಚಿಂತೆ ಇಲ್ಲ.) ಏನೇ ಎಡವಟ್ಟಾದರೂ ರೀಸೆಟ್ ಕೊಟ್ಟರೆ ಅದೇ ನೀಲಿ ಪರದೆ ಬರುತ್ತದೆ.

ಈಗ ಮೊದಲ ನಿಜವಾದ ಆದೇಶ:

ಪೋಕ್ 53280,2

ಎಂಟರ್ ಒತ್ತಿದ ಕೂಡಲೇ ಪರದೆಯ ಸುತ್ತಲಿನ ಅಂಚು ಕೆಂಪಾಗುತ್ತದೆ. ಕೊನೆಯ ಅಂಕಿ ಬದಲಾಯಿಸಿದರೆ ಬಣ್ಣ ಬದಲು. 0 ಕಪ್ಪು, 1 ಬಿಳಿ, 5 ಹಸಿರು, 7 ಹಳದಿ. ಉಳಿದವನ್ನು ನೀವು ಹೇಳಬೇಡಿ. ನೋಟ್‌ಬುಕ್ಕಿನಲ್ಲಿ 0ಯಿಂದ 15ರವರೆಗೆ ಬರೆದು, ಪಕ್ಕದಲ್ಲಿ ಬಣ್ಣದ ಪೆನ್ಸಿಲಿನಿಂದ ತುಂಬಿಸಲು ಮಗುವಿಗೆ ಬಿಡಿ. 53280ರ ಬದಲು 53281 ಹಾಕಿದರೆ ಒಳಗಿನ ಪರದೆಯ ಬಣ್ಣ ಬದಲಾಗುತ್ತದೆ. ಅಕ್ಷರದ ಬಣ್ಣ, ಪರದೆಯ ಬಣ್ಣ ಒಂದೇ ಆದರೆ ಬರಹವೆಲ್ಲ ಮಾಯ! ಆಗ ಕಾಣದೆಯೇ ಟೈಪ್ ಮಾಡಿ ವಾಪಸ್ ತರಬೇಕು. ಇದಕ್ಕಿಂತ ಒಳ್ಳೆ ಟೈಪಿಂಗ್ ಅಭ್ಯಾಸ ನಾನು ಕಂಡಿಲ್ಲ.

16 ಹಾಕಿದರೆ ಏನಾಗುತ್ತದೆ? ಮತ್ತೆ ಕಪ್ಪು. 17 ಹಾಕಿದರೆ ಬಿಳಿ, 18ಕ್ಕೆ ಕೆಂಪು. ಬಣ್ಣಗಳು ಹದಿನಾರೇ ಇರುವುದರಿಂದ ಲೆಕ್ಕ ಸುತ್ತು ಹೊಡೆದು ಮೊದಲಿಗೇ ಬರುತ್ತದೆ. ಹಾಗಾದರೆ 32ಕ್ಕೆ ಯಾವ ಬಣ್ಣ ಅಂತ ಕೇಳಿ, ಟೈಪ್ ಮಾಡುವ ಮುಂಚೆ ಊಹಿಸಲಿ. ದೊಡ್ಡ ದೊಡ್ಡ ಸಂಖ್ಯೆ ಹಾಕುತ್ತಾ ಹೋದರೆ 255ರವರೆಗೆ ಯಂತ್ರ ಒಪ್ಪುತ್ತದೆ. 256 ಅಂದರೆ 'ಇಲ್ಲೀಗಲ್ ಕ್ವಾಂಟಿಟಿ' ಅಂತ ತಿರಸ್ಕರಿಸುತ್ತದೆ. ಯಾಕೆ ಅಂತ ಈಗ ವಿವರಿಸಲು ಹೋಗಬೇಡಿ. ಒಂದು ಡಬ್ಬಿಯಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 255 ಅಂತಷ್ಟೇ ಹೇಳಿ. ಈ ಸಂಖ್ಯೆ ಮುಂದೆ ಆಟದಲ್ಲಿ ಮತ್ತೆ ಸಿಗುತ್ತದೆ.

ಎರಡು ಸಾಲಿನ ಪ್ರೋಗ್ರಾಂ

ಬೇಸಿಕ್ ಭಾಷೆಯನ್ನು 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ರೂಪಿಸಿದರು. ವಿಜ್ಞಾನ, ಗಣಿತ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸುವಂತಾಗಬೇಕು ಅನ್ನೋದು ಅವರ ಆಸೆ. ಅದರಿಂದಲೇ ಇದರ ಪದಗಳು ಇಷ್ಟು ಸರಳ. ಮಗುವಿಗೆ ಈ ಚರಿತ್ರೆ ಬೇಡ, ಇದು ನಿಮಗೆ.

ಮಗು ಟೈಪ್ ಮಾಡಬೇಕಾದ್ದು ಇಷ್ಟು. ಉದ್ಧರಣ ಚಿಹ್ನೆಯ ಒಳಗೆ ತನ್ನ ಹೆಸರು:

10 ಪ್ರಿಂಟ್ "ಹೆಸರು"
20 ಗೋಟು 10

ಸಾಲಿನ ಮುಂದೆ ಸಂಖ್ಯೆ ಇದ್ದರೆ ಯಂತ್ರ ಆಗಲೇ ಮಾಡುವುದಿಲ್ಲ, ನೆನಪಿಟ್ಟುಕೊಳ್ಳುತ್ತದೆ. 'ರನ್' ಅಂದಾಗ ಮಾಡುತ್ತದೆ. ಇದಿಷ್ಟು ಹೇಳಿ ಸುಮ್ಮನಾಗಿ. ರನ್ ಟೈಪ್ ಮಾಡಿ ಎಂಟರ್ ಒತ್ತಿದರೆ ಹೆಸರು ಪರದೆ ತುಂಬ ಓಡುತ್ತದೆ. ಮಕ್ಕಳು ಕಿರುಚುವುದು ಇಲ್ಲೇ. ಎಸ್ಕೇಪ್ ಒತ್ತಿ ನಿಲ್ಲಿಸಿ. ಈಗ ಹತ್ತನೇ ಸಾಲಿನ ಕೊನೆಗೆ ಒಂದು ಅರ್ಧವಿರಾಮ ಸೇರಿಸಿ ಮತ್ತೆ ಓಡಿಸಿ. ಹೆಸರುಗಳು ಒಂದರ ಕೆಳಗೊಂದು ಬರುವುದು ಬಿಟ್ಟು ಪಕ್ಕಪಕ್ಕ ಅಂಟಿಕೊಂಡು ಬರುತ್ತವೆ. ಹೆಸರಿನಲ್ಲಿ ಎಷ್ಟು ಅಕ್ಷರ ಇದೆ ಅನ್ನೋದರ ಮೇಲೆ ಪರದೆಯಲ್ಲಿ ಓರೆ ಪಟ್ಟೆಗಳು ಮೂಡುತ್ತವೆ. ಒಂದು ಸಾಲಿಗೆ 40 ಅಕ್ಷರ. ಐದಕ್ಷರದ ಹೆಸರಾದರೆ ನೇರ ಕಂಬ, ಆರಕ್ಷರದ್ದಾದರೆ ಓರೆ. ಅಪ್ಪನ ಹೆಸರು, ಅಜ್ಜಿಯ ಹೆಸರು ಹಾಕಿ ಯಾರದ್ದು ನೇರ ಬರುತ್ತೆ ನೋಡಿ.

ಸಾಲಿನ ಸಂಖ್ಯೆ 1, 2 ಅಂತ ಕೊಡದೆ 10, 20 ಅಂತ ಯಾಕೆ ಅಂತ ಮಗು ಕೇಳುತ್ತದೆ. ಬಾಯಲ್ಲಿ ಉತ್ತರ ಬೇಡ. '15ನೇ ಸಾಲು ಬರೆದು ನೋಡು' ಅನ್ನಿ. ಅಲ್ಲಿ ಇನ್ನೊಂದು ಹೆಸರಿನ ಪ್ರಿಂಟ್ ಹಾಕಿ ಓಡಿಸಿದರೆ ಉತ್ತರ ಪರದೆಯ ಮೇಲೇ ಇರುತ್ತದೆ. 'ಲಿಸ್ಟ್' ಅಂದರೆ ಇಡೀ ಪ್ರೋಗ್ರಾಂ ಕಾಣುತ್ತದೆ. ಬರೀ 15 ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಆ ಸಾಲು ಅಳಿಸಿಹೋಗುತ್ತದೆ. 'ನ್ಯೂ' ಅಂದರೆ ಪೂರ್ತಿ ಅಳಿಯುತ್ತದೆ, ಕೇಳದೇನೇ ಅಳಿಸುತ್ತದೆ, ಹುಷಾರು.

ಇಲ್ಲಿ ಬರುವ ಸಾಮಾನ್ಯ ತೊಂದರೆ ಎರಡು. ಸೊನ್ನೆ ಮತ್ತು 'ಓ' ಅಕ್ಷರದ ಅದಲುಬದಲು ಒಂದು. ಕಮೊಡೋರ್‌ನದೇ ಆದ ಇನ್ನೊಂದು ಕಾಟ ಹೀಗಿದೆ: ಉದ್ಧರಣ ಚಿಹ್ನೆ ತೆರೆದ ಮೇಲೆ ಬಾಣದ ಕೀ ಒತ್ತಿದರೆ ಕರ್ಸರ್ ಸರಿಯುವ ಬದಲು ವಿಚಿತ್ರ ಗುರುತುಗಳು ಬೀಳುತ್ತವೆ. ಹೆದರಬೇಡಿ. ಎಂಟರ್ ಒತ್ತಿ, ಆ ಸಾಲನ್ನು ಹೊಸದಾಗಿ ಬರೆಯಿರಿ. ಅದೇ ಸಂಖ್ಯೆಯ ಹೊಸ ಸಾಲು ಹಳೆಯದರ ಜಾಗಕ್ಕೆ ಬರುತ್ತದೆ.

ಬಣ್ಣಗಳನ್ನು ಸರಸರ ಬದಲಾಯಿಸುವ ಪ್ರೋಗ್ರಾಂ ಬರೆಯೋಣ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಮಾಡಬಹುದು, ಆದರೆ ನಡುವೆ ತಡೆ ಹಾಕಿ. ಜೋರಾಗಿ ಮಿನುಗುವ ಬೆಳಕು ಕೆಲವು ಮಕ್ಕಳಲ್ಲಿ ಫಿಟ್ಸ್ ತರಿಸಬಹುದು. ಪ್ರತಿ ಪೋಕ್ ಆದ ಮೇಲೆ 'ಫಾರ್ ಟಿ=1 ಟು 1000: ನೆಕ್ಸ್ಟ್' ಅನ್ನೋ ಸಾಲು ಹಾಕಿದರೆ ಯಂತ್ರ ಸುಮಾರು ಒಂದು ಸೆಕೆಂಡ್ ಸುಮ್ನೆ ಎಣಿಸುತ್ತಾ ಕೂರುತ್ತದೆ.

ಇನ್ನು ಒಂದೇ ಸಾಲಿನ ಒಂದು ಚಮತ್ಕಾರ:

10 ಪ್ರಿಂಟ್ ಸಿಎಚ್‌ಆರ್$(205.5+ಆರ್‌ಎನ್‌ಡಿ(1)); : ಗೋಟು 10

ಸಿಎಚ್‌ಆರ್, ಆರ್‌ಎನ್‌ಡಿ ಅಂತ ಬರೆದ ಕಡೆ ಆಯಾ ಇಂಗ್ಲಿಷ್ ಅಕ್ಷರಗಳನ್ನೇ ಹಾಕಿ. ಓಡಿಸಿದರೆ ಪರದೆ ತುಂಬ ಚಕ್ರವ್ಯೂಹ ಬೆಳೆಯುತ್ತಾ ಹೋಗುತ್ತದೆ. 205 ಮತ್ತು 206 ಅಂದರೆ ಎಡಕ್ಕೆ ವಾಲಿದ ಗೀಟು, ಬಲಕ್ಕೆ ವಾಲಿದ ಗೀಟು. ಯಂತ್ರ ಪ್ರತಿ ಸಲ ಎರಡರಲ್ಲೊಂದನ್ನು ಚೀಟಿ ಎತ್ತಿದಂತೆ ಆರಿಸುತ್ತದೆ. ನಿಲ್ಲಿಸಿ, ಪರದೆಯ ಮೇಲಿಂದ ಕೆಳಗೆ ಬೆರಳಿಟ್ಟು ದಾರಿ ಹುಡುಕಲು ಹೇಳಿ. ಇದಕ್ಕಿಂತ ಚಿಕ್ಕ ಆಟ ಇರಲಾರದು.

ಪರದೆ ಅಂದರೆ ಸಾವಿರ ಮನೆ

ಎಂಟು ವರ್ಷದ ಆಸುಪಾಸಿನ ಮಕ್ಕಳಿಗೆ ನನಗೆ ಜಾಸ್ತಿ ಇಷ್ಟವಾದ ಪಾಠ ಇದು. ಪರದೆ ಅಳಿಸಿ, ಹೀಗೆ ಟೈಪ್ ಮಾಡಿಸಿ:

ಪೋಕ್ 1024,83

ಎಡ ಮೇಲಿನ ಮೂಲೆಯಲ್ಲಿ ಒಂದು ಹೃದಯ ಬರುತ್ತದೆ. 83 ಅಂದರೆ ಹೃದಯ, 1024 ಅಂದರೆ ಮೊದಲ ಮನೆ. 1025 ಹಾಕಿದರೆ ಪಕ್ಕದ ಮನೆ. ಅಡ್ಡಕ್ಕೆ 40, ಉದ್ದಕ್ಕೆ 25, ಒಟ್ಟು 1000 ಮನೆ, ಕೊನೆಯದು 2023. ಈಗ ಪ್ರಶ್ನೆ: ಮೊದಲ ಹೃದಯದ ಸರಿ ಕೆಳಗೆ ಇನ್ನೊಂದು ಹೃದಯ ಇಡಬೇಕು, ಯಾವ ಸಂಖ್ಯೆ? ಮಗು ನೋಟ್‌ಬುಕ್ಕಿನ ಚೌಕಗಳನ್ನು ಎಣಿಸಲಿ. 1064 ಅನ್ನೋದು ತಾನೇ ಹೊಳೆದರೆ ಅದರ ಮುಖ ನೋಡಬೇಕು. ಕೆಳಗೆ ಹೋಗುವುದು ಅಂದರೆ 40 ಕೂಡುವುದು, ಮೇಲೆ ಬರುವುದು ಅಂದರೆ 40 ಕಳೆಯುವುದು. ಕೂಡು-ಕಳೆ ಲೆಕ್ಕ ಕಣ್ಣಿಗೆ ಕಾಣುತ್ತಿದೆ, ಅಲ್ವಾ?

ಇಬ್ಬರು ಮಕ್ಕಳಿದ್ದರೆ ಇದನ್ನೇ ಪಂದ್ಯ ಮಾಡಿ. ಒಬ್ಬರು ಪರದೆಯ ಮೇಲೆ ಒಂದು ಜಾಗ ತೋರಿಸಬೇಕು, ಇನ್ನೊಬ್ಬರು ಅಲ್ಲಿಗೆ ಹೃದಯ ಹಾಕಬೇಕು. ತಪ್ಪಿದರೆ ಸರದಿ ಬದಲು. ಕುತೂಹಲಕ್ಕೆ 2023 ದಾಟಿ ಹಾಕಿದರೆ ಏನೂ ಕಾಣುವುದಿಲ್ಲ. 2048ಕ್ಕೆ ಹಾಕಿದರೆ ಬರೆದಿಟ್ಟ ಪ್ರೋಗ್ರಾಂ ಓಡುವುದೇ ಇಲ್ಲ, ಯಾಕೆಂದರೆ ಬೇಸಿಕ್ ಪ್ರೋಗ್ರಾಂ ಕೂರುವುದು ಅಲ್ಲಿಂದಲೇ. ಪರದೆಯೂ ಪ್ರೋಗ್ರಾಮೂ ಒಂದೇ ಬೀದಿಯ ಮನೆಗಳು ಅಂತ ಮಗುವಿಗೆ ಗೊತ್ತಾಗುವ ಜಾಗ ಇದು.

ಈಗ ಆ ಹೃದಯವನ್ನು ಓಡಿಸೋಣ, ಚೆಂಡಾಗಿ. ಚೆಂಡಿನ ಸಂಖ್ಯೆ 81, ಖಾಲಿ ಜಾಗದ್ದು 32. ಪಿ ಅಂದರೆ ಚೆಂಡಿರುವ ಮನೆ, ಡಿ ಅಂದರೆ ಅದು ಹೋಗುವ ಕಡೆ.

10 ಪಿ=1024: ಡಿ=1
20 ಪೋಕ್ ಪಿ,32: ಪಿ=ಪಿ+ಡಿ: ಪೋಕ್ ಪಿ,81
30 ಇಫ್ ಪಿ=1063 ದೆನ್ ಡಿ=-1
40 ಇಫ್ ಪಿ=1024 ದೆನ್ ಡಿ=1
50 ಗೋಟು 20

ಪರದೆ ಅಳಿಸಿ ಓಡಿಸಿ. ಚೆಂಡು ಮೇಲಿನ ಸಾಲಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ಪುಟಿಯುತ್ತದೆ. ನಿಧಾನಕ್ಕೆ, ಮಗುವಿನ ಕಣ್ಣಿಗೆ ಸಿಗುವಷ್ಟು ನಿಧಾನಕ್ಕೆ. ಇಪ್ಪತ್ತನೇ ಸಾಲಿನ ಮೊದಲ ಪೋಕ್ ತೆಗೆದು ಓಡಿಸಿದರೆ ಚೆಂಡು ಹಿಂದೆ ಸಾಲು ಬಿಡುತ್ತಾ ಹೋಗುತ್ತದೆ. ಅಂದರೆ ಪರದೆಯ ಮೇಲೆ ಏನೂ 'ಚಲಿಸುವುದಿಲ್ಲ'. ಹಳೆಯದನ್ನು ಅಳಿಸಿ ಪಕ್ಕದಲ್ಲಿ ಹೊಸದು ಬರೆಯುತ್ತಾರೆ, ಅಷ್ಟೇ. ಇದನ್ನು ಬಾಯಿಮಾತಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗದು, ಒಂದು ಪೋಕ್ ತೆಗೆದರೆ ಹೋಗುತ್ತದೆ. ಆಮೇಲೆ ಸವಾಲು ಕೊಡಿ: ಚೆಂಡು ಮೇಲಿಂದ ಕೆಳಗೆ ಪುಟಿಯಬೇಕು. ಡಿ ಬೆಲೆ 40 ಮತ್ತು -40 ಆಗಬೇಕು, ಪಿ 1044ರಿಂದ ಶುರುವಾದರೆ ಕೆಳಗಿನ ಗೋಡೆ 2004. ಹೇಳಿಬಿಡಬೇಡಿ, ನೋಟ್‌ಬುಕ್ಕಿದೆ.

ಮಗುವೇ ಬರೆದ ಮೊದಲ ಆಟ

ಸಂಖ್ಯೆ ಊಹಿಸುವ ಆಟ ಹಳೇದು. ಆದರೂ ಇದಕ್ಕೆ ಸಾಟಿ ಇಲ್ಲ, ಆರೇ ಸಾಲು:

10 ಎನ್=ಐಎನ್‌ಟಿ(ಆರ್‌ಎನ್‌ಡಿ(1)*10)+1
20 ಇನ್‌ಪುಟ್ "ಎಷ್ಟು"; ಜಿ
30 ಇಫ್ ಜಿ<ಎನ್ ದೆನ್ ಪ್ರಿಂಟ್ "ಚಿಕ್ಕದು"
40 ಇಫ್ ಜಿ>ಎನ್ ದೆನ್ ಪ್ರಿಂಟ್ "ದೊಡ್ಡದು"
50 ಇಫ್ ಜಿ<>ಎನ್ ದೆನ್ 20
60 ಪ್ರಿಂಟ್ "ಭೇಷ್"

ಉದ್ಧರಣದೊಳಗಿನ ಮಾತನ್ನು ಮಗುವೇ ಆರಿಸಲಿ, ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲಿ. ಬೈಗುಳ, ಕೀಟಲೆ ಏನು ಹಾಕಿದರೂ ನಕ್ಕುಬಿಡಿ. ಆ ಸಂದೇಶ ಬರೆಯುವ ಆಸೆಗೇ ಉಳಿದ ಸಾಲುಗಳನ್ನು ಟೈಪ್ ಮಾಡುತ್ತಾರೆ. ಅಣ್ಣನೋ ಅತ್ತೆಯೋ ಬಂದು ಕೂತು ಆಡುವಾಗ ಅದು ತನ್ನದೇ ಮಾತಿನಲ್ಲಿ ಕಿಚಾಯಿಸಬೇಕು.

ಒಂದೆರಡು ದಿನ ಆಡಿದ ಮೇಲೆ ಚುರುಕಾದ ಮಗು ಒಂದು ವಿಷಯ ಕಂಡುಹಿಡಿಯುತ್ತದೆ. ಯಂತ್ರ ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ಮೊದಲ ಉತ್ತರ ಒಂದೇ! ನಿಜ. ಕಮೊಡೋರ್ 64ರ 'ಯಾದೃಚ್ಛಿಕ' ಸಂಖ್ಯೆಗಳು ಒಂದು ಲೆಕ್ಕದಿಂದ ಬರುತ್ತವೆ, ಆ ಲೆಕ್ಕ ಪ್ರತಿ ಸಲ ಒಂದೇ ಕಡೆಯಿಂದ ಶುರುವಾಗುತ್ತದೆ. ಮಗು ಅದನ್ನು ಕಂಡುಹಿಡಿಯುವ ಮುಂಚೆ ನೀವು ಸರಿಮಾಡಬೇಡಿ. ಕಂಡುಹಿಡಿದ ಮೇಲೆ '5 ಎಕ್ಸ್=ಆರ್‌ಎನ್‌ಡಿ(-ಟಿಐ)' ಅಂತ ಒಂದು ಸಾಲು ಸೇರಿಸಿ. ಟಿಐ ಅಂದರೆ ಒಳಗಿನ ಗಡಿಯಾರ. ನೀವು ರನ್ ಒತ್ತಿದ ಹೊತ್ತು ಪ್ರತಿ ಸಲ ಬೇರೆ, ಹಾಗಾಗಿ ಸಂಖ್ಯೆಯೂ ಬೇರೆ.

ಆಮೇಲೆ 10ನೇ ಸಾಲಿನ *10 ತೆಗೆದು *100 ಮಾಡಿ. ಈಗ ಸುಮ್ನೆ ಊಹಿಸಿದರೆ ಮುಗಿಯುವುದಿಲ್ಲ. ನಡುವಿನ ಸಂಖ್ಯೆ ಹೇಳಿ ಅರ್ಧರ್ಧ ಮಾಡುತ್ತಾ ಬಂದರೆ ಜಾಸ್ತಿ ಅಂದರೆ ಏಳು ಊಹೆ ಸಾಕು. ಇದನ್ನು ಕಲಿಸಬೇಡಿ. ಮಗುವಿನ ಎದುರು ನೀವೂ ಒಂದು ಸಲ ಆಡಿ, ಏಳರೊಳಗೆ ಗೆದ್ದು ಎದ್ದುಹೋಗಿ. ಹೇಗೆ ಗೆದ್ದಿರಿ ಅಂತ ಹಿಂದೆಯೇ ಬರುತ್ತಾರೆ.

ಆಟಗಳನ್ನು ಯಾವಾಗ ತರಬೇಕು

ಎರಡನೇ ಅಥವಾ ಮೂರನೇ ದಿನವೇ ತನ್ನಿ. ಪ್ರೋಗ್ರಾಂ ಕಲಿತರೆ ಮಾತ್ರ ಆಟ ಅನ್ನೋ ಲಂಚದ ಲೆಕ್ಕ ಬೇಡ. ಹಾಗೆ ಮಾಡಿದರೆ ಪ್ರೋಗ್ರಾಂ ಶಿಕ್ಷೆ ಆಗಿಬಿಡುತ್ತದೆ. ಆಟ ಆಡುವುದೂ ಪಾಠವೇ, ಆದರೆ ಆಯ್ಕೆ ಸರಿ ಇರಬೇಕು.

ಇಡೀ ಆಟ ಒಂದೇ ಪರದೆಯಲ್ಲಿ ಕಾಣುವಂಥವು ಚಿಕ್ಕವರಿಗೆ ಒಳ್ಳೇದು. 1972ರ ಪಾಂಗ್ ಬಗೆಯ ಆಟ ಮೊದಲು: ಎರಡು ಹಲಗೆ, ಒಂದು ಚೆಂಡು, ಇಬ್ಬರು ಒಟ್ಟಿಗೆ ಆಡಬಹುದು. ಆಮೇಲೆ 1976ರ ಬ್ರೇಕ್‌ಔಟ್ ಬಗೆಯ ಇಟ್ಟಿಗೆ ಒಡೆಯುವ ಆಟ, ಹಾವಿನ ಆಟ, 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್, 1981ರ ಫ್ರಾಗರ್. 1984ರ ಟೆಟ್ರಿಸ್ ಅನ್ನು ಏಳು ದಾಟಿದವರಿಗೆ ಇಡಿ. ಈ ಆಟಗಳಲ್ಲಿ ಕೆಲವು ತೀರಾ ಕಷ್ಟ. ಆರ್ಕೇಡ್ ಯಂತ್ರಕ್ಕೆ ಬೇಗಬೇಗ ನಾಣ್ಯ ಬೀಳಬೇಕಿತ್ತಲ್ಲ! ಹಾಗಾಗಿ ಅಂಕ ಎಷ್ಟು ಅನ್ನೋದಕ್ಕೆ ಬೆಲೆ ಕೊಡಬೇಡಿ. ಕಮೊಡೋರ್ ಆಟಗಳಲ್ಲಿ ಹೆಚ್ಚಿನವಕ್ಕೆ ಜಾಯ್‌ಸ್ಟಿಕ್ ಎರಡನೇ ಪೋರ್ಟಿನಲ್ಲಿರಬೇಕು. ಎಮ್ಯುಲೇಟರ್‌ನಲ್ಲೂ ಅದೇ. ಆಟ ಅಲುಗಾಡದಿದ್ದರೆ ಮೊದಲು ಅದನ್ನು ನೋಡಿ. ಈ ಯಂತ್ರಗಳಿಗೆ ಈಗಲೂ ಹೊಸ ಆಟ ಬರೆದು ಪುಕ್ಕಟೆ ಹಂಚುವವರಿದ್ದಾರೆ. ಕಳ್ಳ ನಕಲುಗಳ ಬದಲು ಅಲ್ಲಿಂದ ಶುರು ಮಾಡಿ.

ಆಡುವಾಗ ಒಂದೇ ಪ್ರಶ್ನೆ ಕೇಳುತ್ತಿರಿ: 'ಈಗ ಕಂಪ್ಯೂಟರ್ ಏನೇನು ನೆನಪಿಟ್ಟುಕೊಂಡಿದೆ?' ಹಲಗೆ ಎಲ್ಲಿದೆ, ಚೆಂಡು ಎಲ್ಲಿದೆ, ಯಾವ ಕಡೆ ಹೋಗುತ್ತಿದೆ, ಎಷ್ಟು ಅಂಕ. ಚೆಂಡು ಪುಟಿಸಿದ ಮಗು 'ಅದು ಪಿ, ಇದು ಡಿ' ಅಂತ ತಾನೇ ಹೇಳುತ್ತದೆ.

ಎರಡು ಕಥೆ ಕೈಯಲ್ಲಿಟ್ಟುಕೊಳ್ಳಿ. ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳು ಕಡಿಮೆಯಾದ ಹಾಗೆಲ್ಲ ವೇಗ ಹೆಚ್ಚುತ್ತದೆ. ಅದನ್ನು ರಚಿಸಿದ ತೊಮೊಹಿರೊ ನಿಶಿಕಾಡೊ ಅದನ್ನು ಬೇಕೆಂತ ಬರೆದಿರಲಿಲ್ಲ. ಬಿಡಿಸಬೇಕಾದ ಶತ್ರುಗಳು ಕಡಿಮೆಯಾದಾಗ ಯಂತ್ರಕ್ಕೆ ಕೆಲಸ ಕಡಿಮೆಯಾಗಿ ತಾನಾಗಿಯೇ ವೇಗ ಬಂತು. ಚೆನ್ನಾಗಿದೆ ಅಂತ ಹಾಗೇ ಬಿಟ್ಟರು. ಇನ್ನೊಂದು ಪ್ಯಾಕ್‌ಮ್ಯಾನ್‌ನದು. 256ನೇ ಹಂತಕ್ಕೆ ಬಂದರೆ ಪರದೆಯ ಬಲಭಾಗ ಪೂರ್ತಿ ಅಕ್ಷರ, ಅಂಕಿಗಳ ಕಲಸುಮೇಲೋಗರ. ಹಂತದ ಸಂಖ್ಯೆ ಇಟ್ಟ ಡಬ್ಬಿಯಲ್ಲಿ ಹಿಡಿಸುವುದು 255ರವರೆಗೆ ಮಾತ್ರ. ಮೊದಲ ದಿನ ಬಣ್ಣ ಹಾಕುವಾಗ ಸಿಕ್ಕ ಅದೇ 255.

ಟೈಪಿಂಗ್ ಒಲ್ಲದ ಮಕ್ಕಳಿಗೆ

ಕೆಲವರಿಗೆ ಕೀ ಹುಡುಕುವುದೇ ಸಾಕಪ್ಪಾ ಅನಿಸುತ್ತದೆ. ಅವರಿಗೆ ಲೋಗೋ ಕೊಡಿ. 1967ರಲ್ಲಿ ವಾಲಿ ಫ್ಯೂರ್ಜೈಗ್, ಸೈಮರ್ ಪೇಪರ್ಟ್ ಮತ್ತು ಸಿಂಥಿಯಾ ಸೊಲೊಮನ್ ಮಕ್ಕಳಿಗಾಗಿಯೇ ರೂಪಿಸಿದ ಭಾಷೆ ಇದು. ಪರದೆಯ ಮೇಲೆ ಒಂದು ಆಮೆ ಇರುತ್ತದೆ. 'ಫಾರ್ವರ್ಡ್ 100' ಅಂದರೆ ಗೆರೆ ಎಳೆಯುತ್ತಾ ಮುಂದೆ ಹೋಗುತ್ತದೆ, 'ರೈಟ್ 90' ಅಂದರೆ ಬಲಕ್ಕೆ ತಿರುಗುತ್ತದೆ. ಎಫ್‌ಡಿ, ಆರ್‌ಟಿ ಅಂತ ಎರಡೆರಡೇ ಅಕ್ಷರ ಹಾಕಿದರೂ ನಡೆಯುತ್ತದೆ.

ಯಂತ್ರದ ಮುಂದೆ ಕೂರುವ ಮುಂಚೆ ಮಗುವನ್ನೇ ಆಮೆ ಮಾಡಿ. ನೆಲದ ಮೇಲೆ ನಿಂತು, ನಿಮ್ಮ ಆದೇಶಕ್ಕೆ ಸರಿಯಾಗಿ ನಡೆಯಲಿ: ನಾಲ್ಕು ಹೆಜ್ಜೆ, ಬಲಕ್ಕೆ ತಿರುಗು, ನಾಲ್ಕು ಹೆಜ್ಜೆ. ಚೌಕ ಆಯಿತು. ಆಮೇಲೆ ನೀವು ಆಮೆಯಾಗಿ, ಮಗು ಆದೇಶ ಕೊಡಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿ, ಗೋಡೆಗೆ ಮೂಗು ತಾಗಿದರೂ ಸರಿ. ಪರದೆಗೆ ಬಂದಾಗ ಚೌಕ ಸಲೀಸು: 'ರಿಪೀಟ್ 4 [ಫಾರ್ವರ್ಡ್ 100 ರೈಟ್ 90]'. ತ್ರಿಕೋನಕ್ಕೆ ಮಾತ್ರ ಎಲ್ಲರೂ ಮುಗ್ಗರಿಸುತ್ತಾರೆ, ದೊಡ್ಡವರೂ ಕೂಡ. ಒಳಕೋನ 60 ಅಂತ ಗೊತ್ತಿರುವವರು 60 ಹಾಕುತ್ತಾರೆ, ತ್ರಿಕೋನ ಬರುವುದಿಲ್ಲ. ಆಮೆ ತಿರುಗಬೇಕಾದ್ದು 120. ಮತ್ತೆ ನೆಲದ ಮೇಲೆ ನಡೆದು ನೋಡಿದರೆ ಯಾಕೆ ಅಂತ ಕಾಲಿಗೇ ತಿಳಿಯುತ್ತದೆ.

ಉಳಿಸಿಡುವುದು, ಮತ್ತು ಮುಂದಕ್ಕೆ

ಪ್ರೋಗ್ರಾಂಗಳನ್ನು ಎಮ್ಯುಲೇಟರ್‌ನ ಸ್ನ್ಯಾಪ್‌ಶಾಟ್‌ನಲ್ಲಿ ಉಳಿಸಿಡಿ; ಯಂತ್ರ ಆ ಕ್ಷಣ ಹೇಗಿತ್ತೋ ಹಾಗೇ ವಾಪಸ್ ಬರುತ್ತದೆ. ಹಾಗಿದ್ದರೂ ಚಿಕ್ಕ ಪ್ರೋಗ್ರಾಂಗಳನ್ನು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆಸಿ. ಮಾರನೇ ದಿನ ನೋಡಿಕೊಂಡು ಟೈಪ್ ಮಾಡುವಾಗ ಮಗು ಸಾಲುಗಳನ್ನು ನಿಜವಾಗಿ ಓದುತ್ತದೆ, 'ಇಲ್ಲಿ ಬೇರೆ ಹಾಕಿದರೆ?' ಅನ್ನೋ ಯೋಚನೆ ಹುಟ್ಟುವುದೂ ಆಗಲೇ.

ಶಬ್ದ ಬೇಕು ಅಂತ ಕೇಳಿದ ದಿನ ಕಮೊಡೋರ್ ಬಿಟ್ಟು ಸ್ಪೆಕ್ಟ್ರಂಗೆ ಹೋಗಿ. ಕಮೊಡೋರ್‌ನ ಶಬ್ದದ ಚಿಪ್ ಬಹಳ ಒಳ್ಳೇದು, ಆದರೆ ಬೇಸಿಕ್‌ನಲ್ಲಿ ಒಂದು ಸ್ವರ ಹೊರಡಿಸಲು ಸಾಲು ಸಾಲು ಪೋಕ್ ಬೇಕು, ಮಗುವಿನ ಉತ್ಸಾಹ ಅಷ್ಟರಲ್ಲಿ ಆರಿರುತ್ತದೆ. ಫ್ಯೂಸ್‌ನಲ್ಲಿ 48ಕೆ ಬದಲು 128 ಮಾದರಿ ಆರಿಸಿ, 128 ಬೇಸಿಕ್ ತೆರೆಯಿರಿ. ಅಲ್ಲಿ ಪದಗಳನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಬಹುದು. 'ಬೀಪ್ 0.5,0' ಅಂದರೆ ಅರ್ಧ ಸೆಕೆಂಡಿನ ಸ. ಎರಡನೇ ಸಂಖ್ಯೆಯನ್ನು 0, 2, 4, 5, 7, 9, 11, 12 ಮಾಡುತ್ತಾ ಹೋದರೆ ಸರಿಗಮಪದನಿಸ ಪೂರ್ತಿ. ಗೊತ್ತಿರುವ ಒಂದು ಹಾಡಿನ ಮೊದಲ ಸಾಲನ್ನು ಕಿವಿಯಲ್ಲೇ ಹುಡುಕಿ ಸಂಖ್ಯೆಯಾಗಿ ಬರೆಯಲು ಬಿಟ್ಟರೆ ಎರಡು ಮೂರು ದಿನ ಆರಾಮಾಗಿ ಹೋಗುತ್ತದೆ. ನಿಮ್ಮ ಕಿವಿಗೆ ಸ್ವಲ್ಪ ಕಷ್ಟ, ಹೆಡ್‌ಫೋನ್ ಸಿದ್ಧ ಇಟ್ಟುಕೊಳ್ಳಿ.